'ಮಳಿ ಆಗೇದಂತ': ಸೇಡಂ ಕಡಿ ಹುಡುಗಿ ಇಂಗ್ಲಿಷ್‌ನಾಗ ಅಸೈನ್‌ಮೆಂಟ್ ಬರೀಲಾಕ ಕಲ್ತ ಒಂದು ಪ್ರಕರಣ

ಇದು ಒಬ್ಬ ವಿದ್ಯಾರ್ಥಿನಿ ಪ್ರಕರಣ. ಆಕಿ ಒಪ್ಪಿಗಿ ತಗೊಂಡೇ ಬರೀಲತ್ತೀನಿ, ಹೆಸರು ಬ್ಯಾಡ್ರಿ ಅಂದಾಳ, ಹಂಗಾಗಿ ಸೇಡಂ ಕಡಿ ಹುಡುಗಿ ಅಂತಷ್ಟೇ ಇರ್ಲಿ. ಒಂದನೇತ್ತಿಂದ ಹತ್ತರ ತನ ಊರಾಗಿನ ಸರ್ಕಾರಿ ಕನ್ನಡ ಶಾಲಿ, ಆಮ್ಯಾಲ ಪಿಯುಸಿ ಆರ್ಟ್ಸ್, ಬಿಎ ಪರೀಕ್ಷಾನೂ ಕನ್ನಡದಾಗೇ ಬರದು ಫಸ್ಟ್ ಕ್ಲಾಸ್ ತಗೊಂಡು, 2024ರಾಗ ಎಂಎ ಅರ್ಥಶಾಸ್ತ್ರಕ್ಕ ಅಂತ ಕಲಬುರಗಿಗಿ ಬಂದ್ಲು. ಮನ್ಯಾಗ ಡಿಗ್ರಿ ಮುಗಿಸಿದಾಕಿ ಆಕಿ ಒಬ್ಬಾಕಿನೇ. ಮನಿಗಿ ಆರು ಎಕರೆ ಖುಷ್ಕಿ ಹೊಲ ಅದ, ಎಲ್ಲಾ ತೊಗರಿ. ಇಲ್ಲಿ ಬಂದ ಮ್ಯಾಲ ಪಾಠ ಇಂಗ್ಲಿಷ್, ಸೆಮಿನಾರ್ ಇಂಗ್ಲಿಷ್, ಅಸೈನ್‌ಮೆಂಟ್ ಇಂಗ್ಲಿಷ್. ನಾ ಹೊಸದಾಗಿ ಬಂದ ಹುಡುಗರಿಗೆ ಇಂಗ್ಲಿಷ್ ಬರವಣಿಗಿ ಬ್ರಿಜ್ ಕೋರ್ಸ್ ತಗೋತೀನಿ, ವಾರಕ್ಕ ನಾಕ್ ತಾಸು. ಈ ಹುಡುಗಿ ನನ್ನ ಕ್ಲಾಸಿನಾಗ ಮೂರನೇ ಬೆಂಚು, ಕಿಟಕಿ ಬಾಜೂಕ, ಮೊದಲ ತಿಂಗಳು ಒಂದು ಮಾತೂ ಆಡ್ಲಿಲ್ಲ.

ಮೊದಲ ಅಸೈನ್‌ಮೆಂಟ್ ಆಕಿ ಡಿಪಾರ್ಟ್‌ಮೆಂಟಿಂದೇ ಇತ್ತು, ಕಲಬುರಗಿ ಜಿಲ್ಲಾದ ತೊಗರಿ ಬೆಳಿಯೋ ರೈತರ ಸಮಸ್ಯೆಗಳು, 1000 ಪದ. ಆಕಿ ಬರದು ಕೊಟ್ಲು, ಕಾಪಿ ಹಿಡಿಯೋ ಸಾಫ್ಟ್‌ವೇರಿಗಿ ಹಾಕಿದ್ರ ಸಿಮಿಲಾರಿಟಿ, ಅಂದ್ರ ಬ್ಯಾರೆಯವ್ರ ಬರಹಕ್ಕ ಹೋಲೋ ಪಾಲು, 61 ಪರ್ಸೆಂಟ್ ಬಂತು. ಯುಜಿಸಿ, ಅಂದ್ರ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರಾಗ ಕೃತಿಚೌರ್ಯದ ನಿಯಮ ಮಾಡ್ಯದ, 10 ಪರ್ಸೆಂಟ್ ತನ ಏನೂ ಇಲ್ಲ, 10ರಿಂದ 40 ಮೊದಲ ಹಂತ, 40ರಿಂದ 60 ಎರಡನೇ ಹಂತ, 60 ದಾಟಿದ್ರ ಮೂರನೇದು, ಪಿಎಚ್‌ಡಿ ಹುಡುಗ್ರಿಗಿ ಅಲ್ಲಿ ರಿಜಿಸ್ಟ್ರೇಷನ್ನೇ ರದ್ದು. ಆ ನಿಯಮ ಥೀಸಿಸ್, ಡೆಸರ್ಟೇಷನ್ ಅಂಥವಕ್ಕ ಮಾಡಿದ್ದು, ಮೊದಲ ಸೆಮಿಸ್ಟರಿನ ಅಸೈನ್‌ಮೆಂಟಿಗಿ ಯಾರೂ ಆ ಶಿಕ್ಷಾ ಕೊಡಂಗಿಲ್ಲ, ಖರೆ, ಆದ್ರ ಆ ನಂಬರ್ ನೋಡಿದ ಕೂಡ್ಲೇ ಮಾಸ್ತರ್ ಮಂದಿ ಮುಖ ಬದಲಾಗ್ತದ. ಆಕಿನ್ನ ನನ್ನ ಕಡಿ ಕಳಿಸಿದ್ರು, ಕಾಪಿ ಹೊಡದಾಳ, ತಿಳಿಸಿ ಹೇಳ್ರಿ ಅಂತ.

ಆಕಿ ಬಂದು ನಿಂತ್ಲು, ಕಣ್ಣಾಗ ನೀರು. "ಮೇಡಂ, ನಾ ಕದ್ದಿಲ್ರಿ. ಪುಸ್ತಕದಾಗ ಹೆಂಗದ ಹಂಗೇ ಬರದೀನ್ರಿ, ಒಂದಕ್ಷರ ತಪ್ಪಿಲ್ರಿ."

ಒಂದಕ್ಷರ ತಪ್ಪಿಲ್ರಿ ಅನ್ನೋ ಆ ಮಾತು ನನಗ ಇನ್ನೂ ಕಿವ್ಯಾಗ ಅದ. ಆಕಿ ತಪ್ಪೊಪ್ಪಿಗಿ ಕೊಡ್ಲಿಕತ್ತಿರ್ಲಿಲ್ಲ, ತನ್ನ ಶ್ರಮ ಎಷ್ಟು ಅಂತ ಹೇಳ್ಲಿಕತ್ತಿದ್ಲು. ಹದಿನೈದು ವರ್ಷ ಆಕಿಗಿ ಮಾರ್ಕ್ಸ್ ಬಂದಿದ್ದೇ ಇದಕ್ಕ. ನೋಟ್ಸ್ ಬಾಯಿಪಾಠ ಮಾಡು, ಪ್ರಶ್ನಾ ಬಂದ್ರ ಇದ್ದಂಗ ಇಳಿಸು, ಅಕ್ಷರ ದುಂಡಗಿರ್ಲಿ, ಅಂಡರ್‌ಲೈನ್ ಹಾಕು. ಪುಸ್ತಕದ ಮಾತು ಬಿಟ್ಟು ಸ್ವಂತ ಮಾತು ಬರದ್ರ ಮಾರ್ಕ್ಸ್ ಕಟ್. ಅಂಥಾ ಹುಡುಗಿನ್ನ ಒಂದು ದಿನ ಮುಂಜಾನೆ ಕರದು ನೀ ಇಷ್ಟ್ ದಿನ ಮಾಡಿದ್ದು ಕಳುವು ಅಂದ್ರ ಆಕಿಗಿ ಏನ್ ತಿಳೀಬೇಕು. ಆಟದ ನಿಯಮ ಬದಲಾಗ್ಯದ ಅಂತ ಯಾರೂ ಆಕಿಗಿ ಹೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ, ಮೊದಲ ತಿಂಗಳೆಲ್ಲಾ ನಾ ಟೆನ್ಸ್ ಕಲಿಸಿದ್ದೆ.

ಇಲ್ಲೇ ನನ್ನ ತಪ್ಪೂ ಬರದುಬಿಡ್ತೀನಿ, ಯಾಕಂದ್ರ ಅದು ಬಿಟ್ರ ಪ್ರಕರಣ ಪೂರ್ತಿ ಆಗಲ್ಲ. ಆಕಿ ಎರಡನೇ ಸಲ ಸ್ವಂತ ಬರದು ತಂದ್ಲು. ಮೊದಲು ಕನ್ನಡದಾಗ ಬರದು ಮೊಬೈಲಿನಾಗ ಟ್ರಾನ್ಸ್‌ಲೇಟ್ ಹೊಡದಿದ್ಲು, ಆಮ್ಯಾಲ ಅಲ್ಲಲ್ಲಿ ತಿದ್ದಿದ್ಲು. ಕನ್ನಡದಾಗ ಕರ್ತೃ ಬಿಟ್ಟು ಮಾತಾಡ್ತೀವಲ್ಲ, ಕಳೆ ಕೀಳ್ಲಾಕ ಹೋಗಿ ಸಂಜಿಗಿ ಬಂದು ರೊಟ್ಟಿ ಬಡಿಯೋದು ಅಂತ, ಅಲ್ಲಿ ಆಕಿ ಅವ್ವನ ಬಗ್ಗೆ ಬರದ ಪ್ಯಾರಾ ಪೂರಾ 'ಹಿ' ಆಗಿತ್ತು. ಅವ್ವನ ಕೆಲಸ ಎಲ್ಲಾ ಗಂಡಸಿನ ಹೆಸರಿಗಿ ಹೋಗಿತ್ತು. ನಾ ಅದರ ಮ್ಯಾಲ ಕೆಂಪು ಪೆನ್ನು ಹಿಡದು ಕುಂತೆ. ಆರ್ಟಿಕಲ್, ಪ್ರಿಪೊಸಿಷನ್, ಟೆನ್ಸ್, ಸ್ಪೆಲಿಂಗ್, ನಲವತ್ತೇಳು ಕಡಿ ಗುರುತು ಹಾಕಿದ್ದೆ. ಆಕಿ ಮುಂದಿನ ವಾರ ತಂದ ಮೂರನೇ ಡ್ರಾಫ್ಟು 300 ಪದ ಇತ್ತು, ಒಂದೂ ತಪ್ಪಿಲ್ಲ. ಕೃಷಿ ಮಹತ್ವದ್ದು. ತೊಗರಿ ಮಹತ್ವದ ಬೆಳಿ. ರೈತರು ಬಡವರಿದ್ದಾರ. ಇಂಥಾವೇ ಸಾಲು, ಒಂದರ ಕೆಳಗ ಒಂದು. ತಪ್ಪು ಆಗಬಾರ್ದು ಅಂತ ಆಕಿ ತನಗ ಗೊತ್ತಿದ್ದಿದ್ದೆಲ್ಲಾ ತೆಗೆದು ಹಾಕಿದ್ಲು.

ಭಾಷಾ ಕಲಸೋರ ನಡುವ ಇದರ ಬಗ್ಗೆ ಹಳೇ ಜಗಳ ಅದ. 1996ರಾಗ ಜಾನ್ ಟ್ರಸ್ಕಾಟ್ ಅನ್ನೋರು ಎರಡನೇ ಭಾಷಾದ ಬರವಣಿಗಿ ಕ್ಲಾಸಿನಾಗ ವ್ಯಾಕರಣ ತಿದ್ದೋದರಿಂದ ಉಪಯೋಗ ಇಲ್ಲ, ಹಾನಿನೇ ಅದ, ಬಿಟ್ಟುಬಿಡ್ರಿ ಅಂತ ವಾದ ಮಾಡಿದ್ರು, ಡೇನಾ ಫೆರಿಸ್ 1999ರಾಗ ಅದಕ್ಕ ಉತ್ತರ ಕೊಟ್ರು, ಎಲ್ಲಾ ತಿದ್ದಾಟ ಒಂದೇ ಅಲ್ಲ, ಸರಿಯಾಗಿ ಮಾಡಿದ್ರ ಉಪಯೋಗ ಅದ ಅಂತ. ನಾ ಎರಡೂ ಓದಿದ್ದೆ, ಓದಿನೂ ನಲವತ್ತೇಳು ಗುರುತು ಹಾಕಿದ್ದೆ. ಈಗ ನನ್ನ ಅಭಿಪ್ರಾಯ ಇಷ್ಟೇ, ತಿದ್ದಬೇಕು, ಆದ್ರ ಹೇಳೋ ಮಾತು ಒಂದು ಇರಬೇಕು ಮೊದಲು, ಇಲ್ಲಾಂದ್ರ ಏನ್ ತಿದ್ದತೀರಿ.

ಇನ್ನೊಂದು ಪ್ರಯತ್ನನೂ ಕೈ ಕೊಡ್ತು, ಸಣ್ಣದಾಗಿ ಹೇಳ್ತೀನಿ. ಏವ್ರಿಲ್ ಕಾಕ್ಸ್‌ಹೆಡ್ 2000ದಾಗ ಮಾಡಿದ ಅಕಾಡೆಮಿಕ್ ಪದಗಳ ಪಟ್ಟಿ ಅದ, 570 ಪದ ಕುಟುಂಬ, ಅಂದ್ರ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪು. ಅದರ ಝೆರಾಕ್ಸ್ ಕೊಟ್ಟೆ. ಪಟ್ಟಿ ಚಲೋ ಅದ, ಓದ್ಲಾಕ ಭಾಳ ಉಪಯೋಗ. ಆದ್ರ ಆಕಿ ಹದಿನೈದು ದಿನದಾಗ ಅರ್ಧ ಪಟ್ಟಿ ಬಾಯಿಪಾಠ ಮಾಡಿ ಪ್ರತಿ ಸಾಲಿನಾಗ 'ಸಿಗ್ನಿಫಿಕೆಂಟ್' ತುರುಕಿದ್ಲು. ಬಾಯಿಪಾಠದ ರೋಗಕ್ಕ ನಾನೇ ಹೊಸಾ ಪುಸ್ತಕ ಕೊಟ್ಟಂಗಾಗಿತ್ತು.

ಅಕ್ಟೋಬರ್‌ದಾಗ ಒಂದು ಶನಿವಾರ, ಆಕಿ ಕೋರ್ಸ್ ಬಿಡ್ತೀನ್ರಿ ಅಂತ ಹೇಳ್ಲಾಕ ಬಂದಿದ್ಲು. ನಾ ಇಂಗ್ಲಿಷ್ ಪಕ್ಕಕ್ಕಿಡು ಅಂದೆ. ಈ ವರ್ಷ ಹೊಲದಾಗ ಏನದ, ಹೋದ ವರ್ಷ ಏನಾಯ್ತು, ಹೇಳು ಅಂದೆ. ಮೊಬೈಲ್ ರೆಕಾರ್ಡ್ ಹಚ್ಲೇನು ಅಂತ ಕೇಳಿ ಹಚ್ಚಿದೆ. ಮೊದಲ ಎರಡು ನಿಮಿಷ ತಡವರಿಸಿದ್ಲು, ಆಮ್ಯಾಲ ಹದಿನಾಕ್ ನಿಮಿಷ ನಿಲ್ಲಲೇ ಇಲ್ಲ. ನೆಟೆ ರೋಗದಾಗ ಗಿಡ ಹೂವು ಕಾಯಿ ಹಿಡಿಯೋ ಹೊತ್ತಿಗಿ ನಿಂತಲ್ಲೇ ಒಣಗೋದು, ಕಾಂಡ ಸೀಳಿದ್ರ ಒಳಗ ಕರ್ರಗ ಪಟ್ಟಿ ಕಾಣೋದು, ರೋಗ ಮಣ್ಣಾಗೇ ಇರೋದ್ರಿಂದ ವರ್ಷಾ ವರ್ಷಾ ಅದೇ ಹೊಲದಾಗ ತೊಗರಿ ಹಾಕಿದ್ರ ಹೆಚ್ಚಾಗೋದು, ಟಿಎಸ್-3ಆರ್ ಬೀಜ ನೆಟೆ ತಡೀತದಂತ ಆದ್ರ ಅಜ್ಜ ಒಪ್ಪವಲ್ಲ, ಊರಾಗ ಇಬ್ರು ಹಾಕ್ಯಾರ, ಅವರಿಗಿ ಚಲೋ ಬಂದದಂತ, ಅಪ್ಪ ಅಡತಿ (ದಲಾಲಿ) ಅಂಗಡ್ಯಾಗ ಮೊದಲೇ ರೊಕ್ಕ ತಗೊಂಡಿರ್ಬೇಕು, ಅದಕ್ಕೇ ಅಲ್ಲೇ ಹಾಕ್ತಾನ, ಅವ್ವಂದು ಕೂಲಿ ಲೆಕ್ಕಕ್ಕೇ ಬರಂಗಿಲ್ಲ.

ಮನಿಗಿ ಬಂದು ರೆಕಾರ್ಡ್ ಕೇಳ್ತಾ ಕುಂತಾಗ ನನಗ ಕೂದ್ಲು ನೆಟ್ಟಗಾಯ್ತು. ನಾ ಎರಡು ತಿಂಗಳಿಂದ ಆಕಿಗಿ ಕಲಿಸ್ಲಾಕ ಒದ್ದಾಡ್ತಿದ್ದ ವಿಷಯ ಎಲ್ಲಾ ಆ ಹದಿನಾಕ್ ನಿಮಿಷದಾಗ ಇತ್ತು. ತಾನು ಕಂಡಿದ್ದು ಯಾವ್ದು, ಮಂದಿ ಹೇಳಿದ್ದು ಯಾವ್ದು, ತಾನು ಊಹಿಸಿದ್ದು ಯಾವ್ದು, ಒಂದು ಕಡಿನೂ ಕಲಸಿರ್ಲಿಲ್ಲ. 'ತಡೀತದಂತ', 'ಬಂದದಂತ', 'ತಗೊಂಡಿರ್ಬೇಕು'. ಕನ್ನಡ ಮಾತಾಡೋರು ಇದನ್ನ ಗೊತ್ತಿಲ್ಲದೇ ಮಾಡ್ತೀವಿ. ಬೆಂಗಳೂರು ಮೈಸೂರು ಕಡಿ 'ಅಂತೆ', ನಮ್ಮ ಕಡಿ 'ಅಂತ'.

ಸೋಮವಾರ ಬೋರ್ಡ್ ಮ್ಯಾಲ ನಾಕ್ ಸಾಲು ಬರದೆ. ಮಳಿ ಆಗೇದ. ಮಳಿ ಆಗೇದಂತ. ಮಳಿ ಆಗಿರ್ಬೇಕು. ಮಳಿ ಆದೀತು. ಯಾವ ಸಾಲು ಯಾರು ಯಾವಾಗ ಅಂತಾರ ಅಂತ ಕೇಳಿದೆ. ಇಡೀ ಕ್ಲಾಸ್ ಕೂಗಿ ಹೇಳ್ತು. ಮೊದಲನೇದು ನಾ ತೊಯ್ಸಿಕೊಂಡು ಬಂದೀನ್ರಿ, ಎರಡನೇದು ಚಿತ್ತಾಪುರದಿಂದ ಫೋನ್ ಬಂದಿತ್ರಿ, ಮೂರನೇದು ಮುಂಜಾನೆ ಎದ್ದು ನೋಡಿದ್ರ ಅಂಗಳ ಹಸಿ ಇತ್ರಿ, ನಾಕನೇದು ಮೋಡ ಕಟ್ಯಾವ್ರಿ. ಹಿಂದಿನ ಬೆಂಚಿನ ಬೀದರದ ಹುಡುಗ ಒಬ್ಬ ಎದ್ದು, ಮೇಡಂ, ನಮ್ಮ ಮನ್ಯಾಗ ಉರ್ದು ಮಾತಾಡ್ತೀವಿ, ನಾವೂ 'ಕತೆ' ಅಂತೀವಿ ಅಂದ, ಔರಾದ್ ಕಡಿ ಮರಾಠಿ ಹುಡುಗಿ ನಮ್ಮಲ್ಲಿ 'ಮ್ಹಣೆ' ಅದ ಅಂದ್ಲು, ಗುರುಮಠಕಲ್ ಕಡಿಯಂವ ತೆಲುಗಿನ 'ಅಟ' ನೆನಪಿಸಿದ. ನಾಕ್ ಭಾಷಾದಾಗೂ ಕೇಳಿದ ಮಾತಿಗೊಂದು ಗುರುತು. ಕಲಬುರಗಿ-ಬೀದರ್-ಯಾದಗಿರಿ ಸೀಮಿ ಹುಡುಗ್ರು ಹುಟ್ಟಿದಾಗಿಂದ ಇದನ್ನ ಕೇಳ್ಕೋತ ಬೆಳದಾರ. ಇವರಿಗಿ ಆಧಾರ ಕೊಡೋದು ಗೊತ್ತಿಲ್ಲ ಅಂತ ನಾವು ಸ್ಟಾಫ್‌ರೂಮಿನಾಗ ಕುಂತು ಮಾತಾಡ್ತೀವಿ.

ಇಂಗ್ಲಿಷಿನಾಗ ಕ್ರಿಯಾಪದದ ಬಾಲಕ್ಕ ಹಚ್ಚೋ ಇಂಥಾ ತುಂಡು ಇಲ್ಲ, ಅದಕ್ಕ ಅವರು ಬ್ಯಾರೆ ಬ್ಯಾರೆ ಸಾಮಾನು ಇಟ್ಕೊಂಡಾರ. 'ಅಂತ' ಬಂದಲ್ಲಿ 'ಅಕಾರ್ಡಿಂಗ್ ಟು' ಹಾಕಿ ಹೆಸರು, ವರ್ಷ ಕೊಡ್ಬೇಕು. 'ಇರ್ಬೇಕು' ಬಂದಲ್ಲಿ 'ಇಟ್ ಅಪಿಯರ್ಸ್', 'ಪ್ರಾಬಬ್ಲಿ'. 'ಆದೀತು' ಬಂದಲ್ಲಿ 'ಮೇ', 'ಮೈಟ್'. ಒಂದು ಫರಕ್ ಮಾತ್ರ ಕ್ಲಾಸಿನಾಗ ಒತ್ತಿ ಹೇಳ್ಬೇಕಾಯ್ತು, ನಮ್ಮ 'ಅಂತ' ಯಾರು ಹೇಳಿದ್ರು ಅಂತ ಹೇಳದೇ ದಾಟಿಬಿಡ್ತದ, ಊರ ಮಾತು ಅಂತ ಸಾಗ್ತದ, ವಿಶ್ವವಿದ್ಯಾಲಯದ ಬರವಣಿಗ್ಯಾಗ ಆ ಯಾರು ಅನ್ನೋದೇ ಬೇಕು. ಅಂದ್ರ ಹೊಸದಾಗಿ ಕಲಿಯೋದು ಅರ್ಧ ಮಾತ್ರ.

ಆಮ್ಯಾಲ ಆಕಿ ತನ್ನ ರೆಕಾರ್ಡಿಂಗ್ ಕೇಳಿ ಕನ್ನಡದಾಗ ಇಳಿಸಿ ಪ್ರತಿ ಸಾಲಿನ ಬಾಜೂಕ ಪೆನ್ಸಿಲಿನಾಗ ಒಂದೊಂದು ಅಕ್ಷರ ಹಾಕಿದ್ಲು. ಕಂಡದ್ದಕ್ಕ 'ಕ', ಕೇಳಿದ್ದಕ್ಕ 'ಕೇ', ಊಹೆಗಿ 'ಊ'. 'ಕೇ' ಇದ್ದಲ್ಲೆಲ್ಲಾ ಯಾರು ಹೇಳಿದ್ರು, ಅಚ್ಚಾದ ಆಧಾರ ಎಲ್ಲಿ ಸಿಗ್ತದ ಅಂತ ಹುಡುಕ್ಲಾಕ ಲೈಬ್ರರಿಗಿ ಕಳಿಸಿದೆ. ಇಲ್ಲೇ ಪ್ರಕರಣ ತಿರುಗಿದ್ದು. ಆಕಿ ಮೊದಲ ಅಸೈನ್‌ಮೆಂಟಿನ ಮುಖ್ಯ ಮಾತೇ ಬೆಂಬಲ ಬೆಲಿ ಕಡಿಮಿ ಅದ, ರೈತರಿಗಿ ಆ ಬೆಲಿನೂ ಸಿಗಂಗಿಲ್ಲ, ಅದಕ್ಕ ನಷ್ಟ ಅಂತ ಇತ್ತು. ಎಲ್ಲಿಂದ ಬಂತು ಅಂತ ಕೇಳಿದ್ರ ನೆಟ್ಟಿನಾಗಿತ್ರಿ ಅಂದ್ಲು. ದಸರಾ ಸೂಟಿಗಿ ಊರಿಗಿ ಹೋದಾಕಿ ಅಪ್ಪನ ಕಡಿಂದ ಅಡತಿ ಅಂಗಡಿ ಪಟ್ಟಿ ತಂದ್ಲು. 2023-24ರ ತೊಗರಿ ಬೆಂಬಲ ಬೆಲಿ ಕ್ವಿಂಟಾಲಿಗಿ 7000 ರೂಪಾಯಿ. ಪಟ್ಟಿ ಮ್ಯಾಲ ಆ ಸಲ ಅವರಪ್ಪ ಮಾರಿದ ರೇಟು ಅದಕ್ಕಿಂತ ಎರಡು ಸಾವಿರ ಹೆಚ್ಚೇ ಇತ್ತು. ಆದ್ರ ಮಾರಿದ್ದು ಒಂಬತ್ತು ಕ್ವಿಂಟಾಲ್ ಅಷ್ಟೇ, ಆರು ಎಕರೆಗಿ. 2023ರಾಗ ಮಳಿ ಕೈ ಕೊಟ್ಟು ರಾಜ್ಯದ ಬಹುಪಾಲು ತಾಲೂಕು ಬರಪೀಡಿತ ಅಂತ ಸರ್ಕಾರನೇ ಘೋಷಿಸಿತ್ತು, ಅದರ ಮ್ಯಾಲ ನೆಟೆ. ಆಕಿ ಆ ಪಟ್ಟಿ ನನ್ನ ಟೇಬಲ್ ಮ್ಯಾಲ ಇಟ್ಟು ಮೆಲ್ಲಗ ಹೇಳಿದ್ಲು, "ಮೇಡಂ, ನಾ ಬರದಿದ್ದು ನಮ್ಮ ಮನಿಗೇ ಸುಳ್ಳಾಯ್ತಲ್ರಿ. ಆ ವರ್ಷ ನಮ್ಗ ಬೆಲಿ ಇತ್ತು, ಬೆಳಿನೇ ಇರ್ಲಿಲ್ಲ."

ಒಂದು ಮನಿ ಪಟ್ಟಿ ಹಿಡದು ಜಿಲ್ಲಾದ ಬಗ್ಗೆ ಹೇಳ್ಲಾಕ ಬರಂಗಿಲ್ಲ, ಅದನ್ನ ಆಕಿಗೂ ಹೇಳಿದೆ. ಆದ್ರ ಪ್ರಶ್ನಾ ಕೇಳ್ಲಾಕ ಅದು ಸಾಕಿತ್ತು. ಎಲ್ಲಾರೂ ಬೆಲಿ ಬಗ್ಗೆ ಬರೀತಾರ, ಬೀಜ ಬದಲಾಯಿಸೋದು ಯಾಕ ನಿಂತದ ಅನ್ನೋದರ ಬಗ್ಗೆ ಮನಿ ಒಳಗಿನ ಮಾತು ಯಾರು ಬರದಾರ. ನೆಟೆ ತಡಿಯೋ ತಳಿ ಹೊಸದೇನಲ್ಲ, 'ಮಾರುತಿ' ಅನ್ನೋ ತೊಗರಿ ತಳಿ 1980ರ ದಶಕದಾಗೇ ನಮ್ಮ ರಾಜ್ಯಕ್ಕ ಬಂದಿತ್ತು. ಆದ್ರೂ ಆಕಿ ಅಜ್ಜ ಮನಿ ಬೀಜನೇ ಬಿತ್ತತಾನ.

ಪೀಠಿಕಾ ಬರಿಯೋದಕ್ಕ ನಾ ಜಾನ್ ಸ್ವೇಲ್ಸ್ ಅವರ ಮಾದರಿ ಬಳಸ್ತೀನಿ, 1990ರಾಗ ಅವರು ಅದಕ್ಕೊಂದು ರೂಪ ಕೊಟ್ರು. ಸಂಶೋಧನಾ ಲೇಖನದ ಶುರುವಿನಾಗ ಮೂರು ನಡಿಗಿ ಇರ್ತಾವ, ಮೊದಲು ಇದು ಯಾವ ಸೀಮಿ ಅಂತ ತೋರಿಸೋದು, ಆಮ್ಯಾಲ ಆ ಸೀಮ್ಯಾಗ ಖಾಲಿ ಬಿದ್ದ ಜಾಗ ಯಾವ್ದು ಅಂತ ತೋರಿಸೋದು, ಕಡಿಗಿ ಆ ಜಾಗಕ್ಕ ತಾನು ಇಳಿಯೋದು. ಇದನ್ನ ಇಂಗ್ಲಿಷಿನಾಗ ಎಷ್ಟು ಸಲ ಹೇಳಿದ್ರೂ ಕ್ಲಾಸಿಗಿ ಹತ್ತಿರ್ಲಿಲ್ಲ. ಆಕಿ ಸ್ವತಃ ಹೇಳಿದ್ಲು, ಹೊಲ, ಬೀಳು, ಬಿತ್ತಿಗಿ ಅಲ್ಲೇನ್ರಿ ಅಂತ. ಹೌದು. ಇದು ಯಾರ್ ಯಾರ ಹೊಲ, ಯಾರು ಏನ್ ಬೆಳದಾರ. ಬೀಳು ಬಿದ್ದಿದ್ದು ಎಲ್ಲಿ. ನಾ ಎಲ್ಲಿ ಕೂರಗಿ ಹೂಡ್ತೀನಿ. ಅವತ್ತಿಂದ ನಮ್ಮ ಕ್ಲಾಸಿನಾಗ ಯಾರ ಡ್ರಾಫ್ಟ್ ಬಂದ್ರೂ ಹುಡುಗ್ರೇ ಕೇಳ್ತಾರ, ಬೀಳು ಎಲ್ಲದ ಇದ್ರಾಗ, ಬೀಳೇ ತೋರಿಸಿಲ್ಲಲ್ಲ.

ಎಲ್ಲಾಕ್ಕಿಂತ ಬಿರುಸಾದ ಗಂಟು ಬ್ಯಾರೆ ಇತ್ತು. ಓದಿದ ಲೇಖನಕ್ಕ ಎದುರು ಮಾತಾಡೋದು. "ಅಷ್ಟ್ ದೊಡ್ಡವ್ರು ಬರದಾರ್ರಿ, ನಾ ಯಾರ್ರಿ ತಪ್ಪು ಅನ್ಲಾಕ?" ಇದು ಹಿಂಜರಿಕಿ ಅಷ್ಟೇ ಅಲ್ಲ, ನಡತಿ. ದೊಡ್ಡವ್ರ ಮುಂದ ಹಂಗ ಮಾತಾಡಬಾರ್ದು ಅಂತ ಬೆಳಿಸ್ಯಾರ, ಆ ನಡತಿ ಕೆಟ್ಟದ್ದು ಅಂತ ನಾ ಹೇಳೋಳಲ್ಲ. ಬೀಜದ ಬಗ್ಗೆ ಅಜ್ಜನ ಜೊತಿ ನೀ ಹೆಂಗ ಮಾತಾಡ್ತಿ ಅಂತ ಕೇಳಿದೆ. ಆಕಿ ಅಜ್ಜನ ಮುಂದ ಕುಂತಂಗ ಕುಂತು ಹೇಳಿದ್ಲು, "ಅಜ್ಜಾ, ನೀ ಹೇಳೋದು ಖರೇ ಅದ, ಮನಿ ಬೀಜಕ್ಕ ರೊಕ್ಕ ಬೀಳಂಗಿಲ್ಲ, ರುಚಿನೂ ಚಲೋ. ಆದ್ರ ಕೆಳಗಿನ ತುಂಡಿನಾಗ ಮೂರ್ ವರ್ಷ ಆಯ್ತು ಗಿಡ ಒಣಗ್ಲತ್ತಾವ, ಅಲ್ಲೊಂದೇ ಹೊಸಾದು ಹಾಕಿ ನೋಡೋಣೇನು?" ಇದನ್ನೇ ಬರಿ ಅಂದೆ. ಮೊದಲು ಎದುರಿನೋರ ಮಾತು ಸರಿಯಾಗಿ ಹೇಳು, ಎಷ್ಟು ಖರೇ ಅದ ಅಷ್ಟು ಒಪ್ಪು, ಆಮ್ಯಾಲ ಎಲ್ಲಿ ಅದು ಹೊಂದಂಗಿಲ್ಲ ಅಂತ ತೋರಿಸು, ನಿನ್ನ ಮಾತಿನ ಮಿತಿನೂ ಹೇಳು. ಅಲ್ಲೊಂದೇ ತುಂಡು ಅಂದ್ಲಲ್ಲ, ಅದು ಮಿತಿ. ಇಂಗ್ಲಿಷಿನಾಗ 'ವೈಲ್' (ಅದು ಖರೇ ಇದ್ರೂ) ಅಂತ ಶುರು ಆಗೋ ಸಾಲು ಆಕಿ ಮೊದಲ ಸಲ ಬರದಿದ್ದು ಅವತ್ತೇ.

ಆ 61 ಪರ್ಸೆಂಟಿನ ವಿಷಯಕ್ಕ ತಿರುಗಿ ಬರ್ತೀನಿ. ಒಂದು ಸಾಲು ಅಲ್ಲಿಂದ, ಅರ್ಧ ಸಾಲು ಇಲ್ಲಿಂದ, ನಡುವ ಎರಡು ಪದ ಬದಲಾಯಿಸಿ ಜೋಡಿಸೋದಕ್ಕ ರೆಬೆಕ್ಕಾ ಮೂರ್ ಹೊವಾರ್ಡ್ ಅನ್ನೋರು 1990ರ ದಶಕದಾಗ 'ಪ್ಯಾಚ್‌ರೈಟಿಂಗ್' ಅಂತ ಹೆಸರಿಟ್ರು, ಇದು ಬರೇ ಮೋಸ ಅಲ್ಲ, ಹೊಸ ಭಾಷಾ ಹೊಸ ವಿಷಯಕ್ಕ ಇಳಿದೋರು ದಾಟಿ ಹೋಗೋ ಒಂದು ಹಂತ ಅಂತ ವಾದಿಸಿದ್ರು. ನಾ ಇದನ್ನ ಕೌದಿ ಅಂತ ವಿವರಿಸಿದೆ. ಆಕಿ ಕೂಡ್ಲೇ ಹೇಳಿದ್ಲು, ಕೌದ್ಯಾಗ ತುಂಡು ಯಾರ ಸೀರಿದು ಅಂತ ಮನ್ಯಾಗ ಎಲ್ಲಾರಿಗೂ ಗೊತ್ತಿರ್ತದ್ರಿ, ಇದು ಆಯಿದು, ಇದು ದೊಡ್ಡವ್ವನ ಮದಿವಿದು ಅಂತ. ಆಕಿ ಹೇಳಿದ್ದು ನಾ ಹೇಳಿದ್ದಕ್ಕಿಂತ ಮುಂದ ಹೋಗಿತ್ತು. ಆಮ್ಯಾಲ ಸಾರಾಂಶ ಬರಿಯೋ ಅಭ್ಯಾಸ ಹಿಂಗ ಮಾಡಿದ್ವಿ, ಇಂಗ್ಲಿಷ್ ಲೇಖನದ ಒಂದು ಪ್ಯಾರಾ ಓದೋದು, ಮುಚ್ಚೋದು, ಬಾಜೂಕ ಕುಂತೋರಿಗೆ ಕನ್ನಡದಾಗ ಹೇಳೋದು, ಅವರಿಗಿ ತಿಳೀಲಿಲ್ಲಾಂದ್ರ ಮತ್ತ ಓದೋದು, ತಿಳದ್ರ ಮಾತ್ರ ಮುಚ್ಚಿದ ಪುಸ್ತಕ ಮುಚ್ಚೇ ಇಟ್ಟು ಇಂಗ್ಲಿಷಿನಾಗ ಬರಿಯೋದು, ಕಡಿಗಿ ತೆರದು ತಾಳಿ ನೋಡೋದು. ಕನ್ನಡದ ಹೊಳಿ ದಾಟಿ ಬಂದ ಸಾಲಿಗಿ ಮೂಲದ ಸಾಲಿನ ಅಚ್ಚು ಉಳಿಯಂಗಿಲ್ಲ. ಹೊತ್ತು ಹಿಡೀತದ, ಒಂದು ಪುಟಕ್ಕ ಒಂದು ತಾಸು.

ವ್ಯಾಕರಣ ನವೆಂಬರ್‌ದಾಗ ಕೈಗೆತ್ತಿಕೊಂಡ್ವಿ, ಆಗ ತಿದ್ದಲಾಕ ಏನೋ ಒಂದಿತ್ತು. ಎರಡೇ ವಿಷಯ ಹಿಡದೆ. ಒಂದು, ನಮ್ಮ ಉದ್ದ ಸರಪಳಿ. ಅಪ್ಪ ಮುಂಜಾನೆ ಎದ್ದು ಹೊಲಕ್ಕ ಹೋಗಿ ಗಿಡ ನೋಡಿ ಬಂದು ಉಂಡು ಸೇಡಂಗ ಹೋದ. ಕನ್ನಡದಾಗ ಇದು ಒಂದೇ ಕ್ರಿಯಾಪದಕ್ಕ ನಿಂತ ಸರಿಯಾದ ವಾಕ್ಯ, ಇಂಗ್ಲಿಷಿನಾಗ ಹಂಗೇ 'ಅಂಡ್' 'ಅಂಡ್' ಹಾಕ್ಕೋತ ಹೋದ್ರ ಓದೋರಿಗಿ ಯಾವ್ದು ಮುಖ್ಯ ಅಂತ ತಿಳಿಯಂಗಿಲ್ಲ. ಸರಪಳ್ಯಾಗ ಮುಖ್ಯ ಕೊಂಡಿ ಯಾವ್ದು ಅಂತ ಆರಿಸಿ ಉಳಿದಿದ್ದು ಬ್ಯಾರೆ ಸಾಲಿಗಿ ಹಾಕೋದು ಕಲಿತ್ಲು. ಎರಡನೇದು, 'ದ' ಮತ್ತ 'ಎ'. ಕನ್ನಡದಾಗ ಆರ್ಟಿಕಲ್ ಇಲ್ಲ, ಆದ್ರ ಪುಸ್ತಕ ಓದ್ದೆ ಅನ್ನೋದಕ್ಕೂ ಪುಸ್ತಕಾನ ಓದ್ದೆ ಅನ್ನೋದಕ್ಕೂ ಫರಕ್ ಅದಲ್ಲ, ಎರಡನೇದ್ರಾಗ ಯಾವ ಪುಸ್ತಕ ಅಂತ ಕೇಳೋರಿಗೆ ಗೊತ್ತದ. ಆ ಫರಕ್ ಹಿಡಕೊಂಡು 'ದ' ಕಡಿಗಿ ಹೋದ್ವಿ. ಇದು ಎಲ್ಲಾ ಕಡಿ ಹೊಂದಂಗಿಲ್ಲ, ಶುರು ಮಾಡ್ಲಾಕ ಮಾತ್ರ ಸಾಕು. ಆರ್ಟಿಕಲ್ ಆಕಿ ಇವತ್ತಿಗೂ ತಪ್ಪಸ್ತಾಳ.

ನಮ್ಮ ಹುಡುಗ್ರು ಮುಖ್ಯ ಮಾತು ಕಡಿಗಿ ಇಡ್ತಾರ, ಸುತ್ತಿ ಬಳಸಿ ಬರೀತಾರ, ಅದು ಅವ್ರ ಭಾಷಾದ ಗುಣ ಅಂತ ಹೇಳೋರು ಭಾಳ ಮಂದಿ ಅದಾರ. 1966ರಾಗ ರಾಬರ್ಟ್ ಕಪ್ಲಾನ್ ಒಂದೊಂದು ಭಾಷಾ ಗುಂಪಿನ ಮಂದಿ ಹೆಂಗ ವಿಚಾರ ಮಾಡ್ತಾರ ಅಂತ ಗೆರಿ ಚಿತ್ರ ಬರದು ತೋರಿಸಿದ್ರು, ಇಂಗ್ಲಿಷಿಗಿ ನೆಟ್ಟನೆ ಗೆರಿ, ಪೂರ್ವದ ಭಾಷಾಗಳಿಗಿ ಸುತ್ತಾಕಿದ ಗೆರಿ. ಆಮ್ಯಾಲ ಅದಕ್ಕ ಭಾಳ ಟೀಕಾ ಬಂತು, ಅವರೇ ತಮ್ಮ ನಿಲುವು ಸಡಿಲ ಮಾಡಿದ್ರು. ನಾ ಆ ಮಾತು ಒಪ್ಪಂಗಿಲ್ಲ. ಕನ್ನಡ ಪೇಪರ್ ತೆಗೀರಿ, ಸುದ್ದಿ ಮೊದಲ ಸಾಲಿನಾಗೇ ಅದ. ಸೇಡಂ ಸಂತ್ಯಾಗ ಯಾರೂ ಸುತ್ತಿ ಬಳಸಿ ರೇಟ್ ಕೇಳಂಗಿಲ್ಲ. ಈ ಹುಡುಗಿ ಅಜ್ಜನಿಗಿ ಹೇಳಿದ್ದು ಮೂರೇ ಸಾಲು. ಸುತ್ತಾಕಿ ಬರಿಯೋದು ಬಂದಿದ್ದು ಪುಟ ತುಂಬ್ಸಿದ್ರ ಮಾರ್ಕ್ಸ್ ಅನ್ನೋ ಪರೀಕ್ಷಾದಿಂದ.

ಜೊತಿಗಿ ಕೆಲಸ ಮಾಡೋ ಒಬ್ರು ಕೇಳಿದ್ರು, ಇಂಗ್ಲಿಷ್ ಕ್ಲಾಸಿನಾಗ ಇಷ್ಟು ಕನ್ನಡ ಮಾತಾಡಿದ್ರ ಇಂಗ್ಲಿಷ್ ಯಾವಾಗ ಕಲೀತಾರ ಅಂತ. ಕೇಳೋದು ನ್ಯಾಯ. ಕನ್ನಡದಾಗ ಮಾತಾಡೋದು ಸುಲಭ ಅನಿಸಿ ಅಲ್ಲೇ ನಿಂತೋರೂ ಕ್ಲಾಸಿನಾಗ ಇದ್ರು, ಮೂರ್ನಾಕ್ ಮಂದಿ ಸೆಮಿಸ್ಟರ್ ಮುಗಿಯೋ ತನ ಇಂಗ್ಲಿಷಿನಾಗ ಒಂದು ಪುಟ ದಾಟ್ಲಿಲ್ಲ. ಅವರಿಗಿ ಈ ದಾರಿ ಸಾಲಲಿಲ್ಲ, ಓದೋದೇ ಹಿಂದಿತ್ತು, ಅವರ ಕಡಿ ನಾ ಬ್ಯಾರೆ ರೀತಿ ಕುಂದ್ರಬೇಕಿತ್ತು. ಅದಕ್ಕ ಈಗ ನಿಯಮ ಮಾಡೀನಿ, ಕನ್ನಡದ ಮಾತು ಇಪ್ಪತ್ತು ನಿಮಿಷ, ಅದರ ಮ್ಯಾಲ ಅದೇ ತಾಸಿನಾಗ ಇಂಗ್ಲಿಷಿನಾಗ ಬರಿಯೋದು, ಮನಿಗಿ ಒಯ್ಯಂಗಿಲ್ಲ. ಮೊಬೈಲ್ ಬ್ಯಾಗಿನಾಗ.

ಡಿಸೆಂಬರ್‌ದಾಗ ಆಕಿ ಕೊಟ್ಟ ಅಸೈನ್‌ಮೆಂಟು 1150 ಪದ ಇತ್ತು, ಸಿಮಿಲಾರಿಟಿ 8. ತಪ್ಪುಗಳು ಇದ್ವು, ಎಣಿಸ್ಲಿಲ್ಲ. ಬೆಲಿ ಬಗ್ಗೆ ಬರದೋರ ಮಾತು ಒಪ್ಪಿ, ಬೆಳಿ ಇಲ್ಲದ ವರ್ಷದಾಗ ಬೆಲಿ ಏನ್ ಮಾಡೀತು ಅಂತ ಕೇಳಿ, ಬೀಜ ಬದಲಾಯಿಸೋ ನಿರ್ಧಾರ ಮನ್ಯಾಗ ಯಾರ ಕೈಯಾಗ ಅದ ಅನ್ನೋದಕ್ಕ ಬಂದು ನಿಲ್ಲಿಸಿದ್ಲು. ಒಂದು ಕಡಿ 'ದಿಸ್ ಈಸ್ ಬೇಸ್ಡ್ ಆನ್ ಒನ್ ಹೌಸ್‌ಹೋಲ್ಡ್' ಅಂತ ತಾನಾಗೇ ಸೇರಿಸಿದ್ಲು. ಅವ್ವನ ಪ್ಯಾರಾದಾಗ ಎಲ್ಲಾ ಕಡಿ 'ಶಿ' ಇತ್ತು. ಡಿಪಾರ್ಟ್‌ಮೆಂಟಿನಾಗ 20ಕ್ಕ 14 ಕೊಟ್ರು, ಮೊದಲ ಸಲಕ್ಕಿಂತ ಎಂಟು ಹೆಚ್ಚು. ಅದೇ ತಿಂಗಳ ಸೆಮಿಸ್ಟರ್ ಪರೀಕ್ಷಾದಾಗ ಮತ್ತ ನೋಟ್ಸ್ ಇದ್ದಂಗ ಇಳಿಸಿದೋರಿಗೇ ಹೆಚ್ಚು ಮಾರ್ಕ್ಸ್ ಬಂದ್ವು, ಅದನ್ನ ನೋಡಿ ಆಕಿ ನನ್ನ ಕಡಿ ಬಂದು ಹಂಗಾದ್ರ ಯಾವ್ದು ಖರೇ ಮೇಡಂ ಅಂದಾಗ ನನಗ ಭಾಳ ಸಂಕಟ ಆಯ್ತು. ಪರೀಕ್ಷಾದ ಪ್ರಶ್ನಾಪತ್ರಿಕಿ ಬದಲಾಗದೇ ಬರವಣಿಗಿ ಕೋರ್ಸ್ ಒಂದೇ ಎಷ್ಟು ಎಳೀತದ, ಇದನ್ನ ನಾ ಮೀಟಿಂಗಿನಾಗ ಎತ್ತೀನಿ, ಇನ್ನೂ ಎತ್ತತೀನಿ.

ಈಗ ಆಕಿ ಡೆಸರ್ಟೇಷನ್ ಶುರು ಮಾಡ್ಯಾಳ, ಅದೇ ವಿಷಯ, ಮೂರು ಹಳ್ಳಿ, ಮೂವತ್ತು ಮನಿ. ಪ್ರಶ್ನಾವಳಿ ಕನ್ನಡದಾಗ ಮಾಡ್ಯಾಳ. ಹೋದ ವಾರ ಬಂದು ಕೇಳಿದ್ಲು, ರೈತರು ಹೇಳಿದ ಮಾತು ಕನ್ನಡ ಲಿಪ್ಯಾಗೇ ಇಟ್ಟು ಕೆಳಗ ಇಂಗ್ಲಿಷ್ ಕೊಡ್ಲೇನ್ರಿ, ಬರೇ ಇಂಗ್ಲಿಷ್ ಹಾಕಿದ್ರ 'ಅಂತ' ಎಲ್ಲಾ ಹೋಗಿಬಿಡ್ತದ್ರಿ. ಗೈಡ್‌ನ ಕೇಳು, ನಾನೂ ಮಾತಾಡ್ತೀನಿ ಅಂದೆ. ಆಕಿ ತಂದ ಹಾಳ್ಯಾಗ ಮೊದಲ ಸಂದರ್ಶನ ಇತ್ತು, ಒಬ್ಬ ಹೆಣ್ಮಗಳದು. ಬಾಜೂಕ ಪೆನ್ಸಿಲಿನಾಗ ಕ, ಕ, ಕೇ, ಊ, ಕ. ಒಂದು ಸಾಲಿನ ಮುಂದ ಯಾವ ಅಕ್ಷರನೂ ಇರ್ಲಿಲ್ಲ, ಪ್ರಶ್ನಾರ್ಥಕ ಚಿಹ್ನಿ ಹಾಕಿದ್ಲು. ಮತ್ತ ಹೋಗಿ ಕೇಳ್ತೀನ್ರಿ ಅಂದ್ಲು, ಭಾನುವಾರ ಬಸ್ ಅದ.